ಸುರಂಗದಲ್ಲಿ ಕೂತ ಉಂಗುರ

ಮಾತು ಶುರು ಮಾಡುವ ಮುಂಚೆ ಸಭೆಗೆ ಒಂದು ಪ್ರಶ್ನೆ ಹಾಕಿದೆ. ಅಜಿಥ್ರೋಮೈಸಿನ್ ಅನ್ನೋ ಮಾತ್ರೆಯನ್ನು ಒಮ್ಮೆಯಾದರೂ ನುಂಗಿದವರು ಕೈ ಎತ್ತಿ ಅಂದೆ. ಮುಕ್ಕಾಲು ಪಾಲು ಜನ ಎತ್ತಿದರು. ಅದು ಒಳಗೆ ಹೋಗಿ ಏನು ಮಾಡುತ್ತದೆ ಅಂತ ಕೇಳಿದಾಗ ಮುಂದಿನ ಸಾಲಿನಿಂದ ಥಟ್ಟನೆ ಉತ್ತರ ಬಂತು: "ಬ್ಯಾಕ್ಟೀರಿಯಾನ ಸಾಯಿಸುತ್ತೆ."

ಬಹಳಷ್ಟು ಸಲ ಸಾಯಿಸುವುದಿಲ್ಲ. ಅದರ ಕೆಲಸ ನಿಲ್ಲಿಸುತ್ತದೆ, ಅಷ್ಟೇ. ಕೊನೆಗೆ ಮುಗಿಸುವುದು ನಿಮ್ಮ ಬಿಳಿ ರಕ್ತಕಣಗಳು. ಮಾತ್ರೆ ಅವುಗಳಿಗೆ ಸಮಯ ಕೊಡಿಸುತ್ತದೆ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಮೂರು ದಿನಕ್ಕೆ ಮಾತ್ರೆಯ ಪಟ್ಟಿ ಖಾಲಿಯಾದರೂ ಈ ಔಷಧಿ ಮೈಯೊಳಗೆ ಖಾಲಿಯಾಗುವುದಿಲ್ಲ. ಬಹಳ ದಿನ ಬೀಡು ಬಿಡುತ್ತದೆ. ಅದರಿಂದ ಆಗುವ ಒಳ್ಳೆಯದು ಎಷ್ಟೋ, ತೊಂದರೆಯೂ ಅಷ್ಟೇ, ಎರಡೂ ಈ ಗುಣದಿಂದಲೇ. ನಾನು ಚೀಟಿ ಬರೆಯುವ ವೈದ್ಯನಲ್ಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಮದ್ದಿಗೆ ಬಗ್ಗುತ್ತದೆ ಅಂತ ನೋಡುವವನು. ಹಾಗಾಗಿ ನನ್ನ ಮಾತು ಸ್ವಲ್ಪ ಬ್ಯಾಕ್ಟೀರಿಯಾದ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಅಜಿಥ್ರೋಮೈಸಿನ್ ಒಂದು ಕುಟುಂಬದ ಸದಸ್ಯ. ಕುಟುಂಬದ ಹೆಸರು ಮ್ಯಾಕ್ರೋಲೈಡ್. ಹಿರಿಯಣ್ಣ ಎರಿಥ್ರೋಮೈಸಿನ್. ಅದು ಬಂದದ್ದು ಮಣ್ಣಿನಿಂದ. 1949ರಲ್ಲಿ ಫಿಲಿಪ್ಪೀನ್ಸ್‌ನ ಇಲೋಯ್ಲೊ ಎಂಬಲ್ಲಿಂದ ಅಬೆಲಾರ್ಡೊ ಅಗಿಲಾರ್ ಅನ್ನುವ ವೈದ್ಯರು ಒಂದಿಷ್ಟು ಮಣ್ಣನ್ನು ಅಮೆರಿಕದ ಎಲಿ ಲಿಲಿ ಕಂಪನಿಗೆ ಕಳಿಸಿದರು. ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ವಸ್ತು ತಯಾರಿಸುತ್ತಿತ್ತು. 1952ರಲ್ಲಿ ಆ ಕಂಪನಿಯ ಮೆಗ್ವಾಯರ್ ಮತ್ತು ಸಂಗಡಿಗರು ಅದನ್ನು ಬೇರ್ಪಡಿಸಿ ಪ್ರಕಟಿಸಿದರು. ಐಲೋಟೈಸಿನ್, ಐಲೋಸೋನ್ ಅಂತ ಮಾರಾಟವಾದ ಮಾತ್ರೆಗಳ ಹೆಸರಲ್ಲಿ ಆ ಊರು ಉಳಿಯಿತು. ಮಣ್ಣು ಕಳಿಸಿದವರ ಹೆಸರು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಮ್ಯಾಕ್ರೋಲೈಡ್ ಅನ್ನುವ ಹೆಸರು ಕೊಟ್ಟವರು ರಸಾಯನಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ಡ್, 1957ರಲ್ಲಿ. ಅಣುವಿನ ನಡುವೆ ಒಂದು ದೊಡ್ಡ ಉಂಗುರ ಇದೆ, ಅದಕ್ಕೇ ಆ ಹೆಸರು. ಎರಿಥ್ರೋಮೈಸಿನ್‌ನ ಉಂಗುರದಲ್ಲಿ 14 ಪರಮಾಣು, ಅಜಿಥ್ರೋಮೈಸಿನ್‌ನಲ್ಲಿ 15, ಸ್ಪೈರಮೈಸಿನ್‌ನಲ್ಲಿ 16. ಉಂಗುರಕ್ಕೆ ಒಂದೆರಡು ಸಕ್ಕರೆ ಅಣುಗಳು ನೇತುಬಿದ್ದಿರುತ್ತವೆ. ಇವು ಅಲಂಕಾರಕ್ಕಲ್ಲ. ಬ್ಯಾಕ್ಟೀರಿಯಾವನ್ನು ಹಿಡಿದುಕೊಳ್ಳುವ ಕೊಕ್ಕೆ ಇರುವುದೇ ಅಲ್ಲಿ.

ಈಗ ಬ್ಯಾಕ್ಟೀರಿಯಾದ ಒಳಗೆ ಹೋಗೋಣ. ಯಾವ ಜೀವಕೋಶಕ್ಕಾದರೂ ಪ್ರೋಟೀನ್ ಬೇಕು. ಅದನ್ನು ಕಟ್ಟುವ ಯಂತ್ರದ ಹೆಸರು ರೈಬೋಸೋಮ್. ವೇಗವಾಗಿ ಬೆಳೆಯುತ್ತಿರುವ ಒಂದು ಬ್ಯಾಕ್ಟೀರಿಯಾದಲ್ಲಿ ಇಂಥ ಯಂತ್ರಗಳು ಹತ್ತಾರು ಸಾವಿರ ಇರುತ್ತವೆ. ಮಣಿ ಪೋಣಿಸಿದ ಹಾಗೆ ಒಂದೊಂದೇ ಅಮೈನೋ ಆಮ್ಲವನ್ನು ಸೇರಿಸುತ್ತಾ ಹೋಗುತ್ತವೆ. ವೇಗ ಸೆಕೆಂಡಿಗೆ ಸುಮಾರು 15ರಿಂದ 20 ಮಣಿ. ರೈಬೋಸೋಮಿನಲ್ಲಿ ಎರಡು ಭಾಗ. ಚಿಕ್ಕದು ಆದೇಶ ಓದುತ್ತದೆ, ದೊಡ್ಡದು ಪೋಣಿಸುತ್ತದೆ. ದೊಡ್ಡ ಭಾಗದ ಒಳಗೆ ಒಂದು ಸುರಂಗ ಇದೆ. ಉದ್ದ ಸುಮಾರು 10 ನ್ಯಾನೋಮೀಟರ್, ಅಗಲ ಒಂದೆರಡು ನ್ಯಾನೋಮೀಟರ್. ಪೋಣಿಸಿದ ಸರ ಈ ಸುರಂಗದಲ್ಲಿ ನುಸುಳಿ ಹೊರಗೆ ಬರಬೇಕು. ಬೇರೆ ದಾರಿ ಇಲ್ಲ.

ಮ್ಯಾಕ್ರೋಲೈಡ್ ಹೋಗಿ ಕೂರುವುದು ಇದೇ ಸುರಂಗದಲ್ಲಿ, ಪೋಣಿಸುವ ಜಾಗದಿಂದ ಸ್ವಲ್ಪ ಕೆಳಗೆ, ಕಿರಿದಾದ ಕಡೆ. ಸರ ಐದಾರು ಮಣಿ ಉದ್ದ ಬೆಳೆಯುವಷ್ಟರಲ್ಲಿ ಉಂಗುರಕ್ಕೆ ತಾಗುತ್ತದೆ. ಬಹುಪಾಲು ಸರಗಳು ಅಲ್ಲಿಂದ ಮುಂದೆ ಹೋಗುವುದಿಲ್ಲ. ಅರ್ಧಂಬರ್ಧ ಸರ ಕಳಚಿ ಬೀಳುತ್ತದೆ. ಪ್ರೋಟೀನ್ ಇಲ್ಲದೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಒಡೆದು ಎರಡಾಗುವುದಿಲ್ಲ. ಇದ್ದಲ್ಲೇ ಇರುತ್ತದೆ.

ರೈಬೋಸೋಮಿನ ಈ ಒಳನೋಟವನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದ್ದಕ್ಕೆ ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅಡಾ ಯೋನತ್ ಅವರಿಗೆ 2009ರ ರಸಾಯನಶಾಸ್ತ್ರದ ನೊಬೆಲ್ ಬಂತು. ಆ ಚಿತ್ರಗಳು ಬಂದ ಮೇಲೆ ಒಂದು ಅನುಮಾನ ಹುಟ್ಟಿತು. ಉಂಗುರ ಕೂತಮೇಲೂ ಸುರಂಗ ಪೂರ್ತಿ ಮುಚ್ಚುವುದಿಲ್ಲ. ಪಕ್ಕದಲ್ಲಿ ಸಂದು ಇದೆ. ಅದರಲ್ಲಿ ಕೆಲವು ಸರಗಳು ತೂರಿಕೊಂಡು ಹೋಗಿಬಿಡುತ್ತವೆ! ಯಾವ ಸರ ಹೋಗುತ್ತದೆ, ಯಾವುದು ನಿಲ್ಲುತ್ತದೆ ಅನ್ನುವುದು ಸರದಲ್ಲಿರುವ ಮಣಿಗಳ ಮೇಲೆ ಅವಲಂಬಿಸಿದೆ. ನಾವು ಕಾಲೇಜಿನಲ್ಲಿ ಓದುವಾಗ ಇದನ್ನು ಸೀಸೆಗೆ ಹಾಕಿದ ಬಿರಡೆ ಅಂತ ಕಲಿತಿದ್ದೆವು. ಬಿರಡೆ ಅಲ್ಲ, ದಾರಿಯಲ್ಲಿ ಕೂತ ಕಾವಲುಗಾರ ಅನ್ನಬೇಕು. ಈ ಸಣ್ಣ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮ ಕೋಶಗಳಲ್ಲೂ ರೈಬೋಸೋಮ್ ಇದೆ, ಅಲ್ವಾ? ಅದು ಯಾಕೆ ನಿಲ್ಲುವುದಿಲ್ಲ? ಉತ್ತರ ಒಂದೇ ಒಂದು ಅಕ್ಷರದಲ್ಲಿದೆ. ಸುರಂಗದ ಗೋಡೆ ಬಹುಪಾಲು ಆರ್‌ಎನ್‌ಎಯಿಂದ ಆದದ್ದು. ಅದು ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳಲ್ಲಿ ಬರೆದ ಉದ್ದನೆಯ ಎಳೆ. ಮ್ಯಾಕ್ರೋಲೈಡಿನ ಸಕ್ಕರೆ ಕೊಕ್ಕೆ ಸಿಕ್ಕಿಕೊಳ್ಳುವ ಜಾಗಕ್ಕೆ ವಿಜ್ಞಾನಿಗಳು 2058 ಅಂತ ನಂಬರ್ ಕೊಟ್ಟಿದ್ದಾರೆ. ಬ್ಯಾಕ್ಟೀರಿಯಾದಲ್ಲಿ ಅಲ್ಲಿ ಅಡೆನಿನ್ ಇದೆ. ನಮ್ಮಲ್ಲಿ ಗ್ವಾನಿನ್. ಆ ಒಂದು ಅಕ್ಷರ ಬೇರೆ ಆದ್ದರಿಂದ ಕೊಕ್ಕೆ ಸರಿಯಾಗಿ ಸಿಕ್ಕಿಕೊಳ್ಳುವುದಿಲ್ಲ. ಸಾವಿರಾರು ಅಕ್ಷರಗಳ ನಡುವೆ ಒಂದರ ಭರವಸೆಯ ಮೇಲೆ ನಾವು ಈ ಮಾತ್ರೆ ನುಂಗುತ್ತೇವೆ.

ಎರಿಥ್ರೋಮೈಸಿನ್‌ಗೆ ಒಂದು ದೊಡ್ಡ ತೊಂದರೆ ಇತ್ತು. ಹೊಟ್ಟೆಯ ಆಮ್ಲ ತಾಗಿದರೆ ಕೆಟ್ಟುಹೋಗುತ್ತದೆ. ಕೆಟ್ಟಮೇಲೆ ಸುಮ್ನೆ ಇರುವುದೂ ಇಲ್ಲ, ಹೊಟ್ಟೆ ನುಲಿಯುವ ಹಾಗೆ ಮಾಡುತ್ತದೆ. ಆಮ್ಲ ತಾಗದಂತೆ ಮಾತ್ರೆಗೆ ಲೇಪ ಬಳಿದರು, ಬೇರೆ ಬೇರೆ ಲವಣ ಮಾಡಿ ನೋಡಿದರು. ದಿನಕ್ಕೆ ನಾಲ್ಕು ಸಲ ನುಂಗಬೇಕಾದದ್ದು ಮಾತ್ರ ತಪ್ಪಲಿಲ್ಲ. ಜಪಾನಿನ ತೈಶೋ ಕಂಪನಿಯವರು ಆಮ್ಲ ಹಿಡಿಯುವ ಜಾಗಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಹಾಕಿ ಬಾಗಿಲು ಮುಚ್ಚಿದರು. ಅದು ಕ್ಲಾರಿಥ್ರೋಮೈಸಿನ್, ದಿನಕ್ಕೆ ಎರಡು ಸಲ ಸಾಕು. 1980ರ ಹೊತ್ತಿಗೆ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಪ್ಲಿವಾ ಕಂಪನಿಯ ಸ್ಲೊಬೊಡಾನ್ ಜೋಕಿಚ್, ಗಾಬ್ರಿಯೆಲಾ ಕೋಬ್ರೆಹೆಲ್ ಮತ್ತವರ ತಂಡ ಬೇರೆ ದಾರಿ ಹಿಡಿಯಿತು. ಉಂಗುರವನ್ನೇ ಬಿಚ್ಚಿ ನಡುವೆ ಒಂದು ನೈಟ್ರೋಜನ್ ತೂರಿಸಿ ಮತ್ತೆ ಮುಚ್ಚಿತು. ಹದಿನಾಲ್ಕು ಹದಿನೈದಾಯಿತು. ಅದೇ ಅಜಿಥ್ರೋಮೈಸಿನ್.

ಒಂದು ನೈಟ್ರೋಜನ್‌ನಿಂದ ಔಷಧಿಯ ಸ್ವಭಾವವೇ ಬದಲಾಯಿತು. ಆಮ್ಲಕ್ಕೆ ಹೆದರುವುದು ನಿಂತಿತು, ಅದು ನಿರೀಕ್ಷಿಸಿದ್ದೇ. ಜತೆಗೆ ಅಣುವಿಗೆ ಕ್ಷಾರದ ಗುಣ ಜಾಸ್ತಿಯಾಯಿತು. ನಮ್ಮ ಕೋಶಗಳ ಒಳಗೆ ಲೈಸೋಸೋಮ್ ಅನ್ನುವ ಆಮ್ಲ ತುಂಬಿದ ಚೀಲಗಳಿವೆ. ಕ್ಷಾರದ ಅಣು ಅಲ್ಲಿಗೆ ನುಸುಳಿದರೆ ಸಿಕ್ಕಿಬೀಳುತ್ತದೆ, ಸಲೀಸಾಗಿ ಹೊರಗೆ ಬರುವುದಿಲ್ಲ. ಹೀಗೆ ಔಷಧಿ ಕೋಶಗಳಲ್ಲಿ ಶೇಖರವಾಗುತ್ತಾ ಹೋಗುತ್ತದೆ. ರಕ್ತ ತೆಗೆದು ನೋಡಿದರೆ ತೀರಾ ಕಡಿಮೆ, ಅಂಗಾಂಶದಲ್ಲಿ ಹತ್ತಾರು ಪಟ್ಟು ಹೆಚ್ಚು. ಸೋಂಕು ಇರುವ ಕಡೆಗೆ ಓಡುವ ಬಿಳಿ ರಕ್ತಕಣಗಳು ತಮ್ಮೊಳಗಿನ ದಾಸ್ತಾನು ಹೊತ್ತುಕೊಂಡೇ ಓಡುತ್ತವೆ. ಔಷಧಿಯನ್ನು ಸರಿಯಾದ ಜಾಗಕ್ಕೆ ತಲುಪಿಸುವ ಕೂಲಿ ಕೆಲಸ ನಮ್ಮ ರಕ್ತಕಣಗಳದ್ದೇ. ಎರಿಥ್ರೋಮೈಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ಗಂಟೆ ಸಾಕು. ಅಜಿಥ್ರೋಮೈಸಿನ್‌ಗೆ ಸುಮಾರು 68 ಗಂಟೆ ಬೇಕು. ಅದಕ್ಕೇ ಮೂರು ದಿನ ಅಥವಾ ಐದು ದಿನದ ಕೋರ್ಸ್ ಸಾಕಾಗುವುದು. ಮೊದಲ ದಿನ 500 ಮಿಲಿಗ್ರಾಂ, ಆಮೇಲೆ ನಾಲ್ಕು ದಿನ 250 ಅಂತ ಕೊಡುವ ಲೆಕ್ಕವೂ ಇದರಿಂದಲೇ ಬಂದದ್ದು. ಮೊದಲು ಉಗ್ರಾಣ ತುಂಬಿಸು, ಆಮೇಲೆ ಸೋರಿದ್ದಷ್ಟು ಹಾಕು.

ಯಾವ ಸೋಂಕಿಗೆ ಇದು ಬೇಕಾಗುತ್ತದೆ? ಪೆನ್ಸಿಲಿನ್ ಕೈಚೆಲ್ಲುವ ಕಡೆ ಇದಕ್ಕೆ ಬೆಲೆ. ಪೆನ್ಸಿಲಿನ್ ಹೊಡೆಯುವುದು ಬ್ಯಾಕ್ಟೀರಿಯಾದ ಗೋಡೆಗೆ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾಗೆ ಗೋಡೆಯೇ ಇಲ್ಲ. ಕ್ಲಮೈಡಿಯಾ, ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ನಮ್ಮ ಕೋಶಗಳೊಳಗೇ ಅಡಗಿ ಕೂರುತ್ತವೆ. ಮ್ಯಾಕ್ರೋಲೈಡ್‌ಗೆ ಗೋಡೆಯ ಹಂಗಿಲ್ಲ, ಕೋಶದೊಳಗೆ ಹೋಗುವುದಂತೂ ಅದರ ಹುಟ್ಟುಗುಣ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶ ಮುಗಿಸಿ ಹೋದವರಿಗೆ ವಿಚಿತ್ರ ನ್ಯುಮೋನಿಯಾ ಬಂತು. ರೋಗ ಯಾವುದು ಅಂತಲೇ ಗೊತ್ತಿಲ್ಲ. ಆದರೆ ಎರಿಥ್ರೋಮೈಸಿನ್ ಸಿಕ್ಕಿದವರು ಹೆಚ್ಚು ಚೇತರಿಸಿಕೊಂಡದ್ದು ಗಮನಕ್ಕೆ ಬಂತು. ಲೀಜನೆಲ್ಲಾ ಪತ್ತೆಯಾದದ್ದು ಆಮೇಲೆ, 1977ರ ಜನವರಿಯಲ್ಲಿ. ಮದ್ದು ಮೊದಲು, ರೋಗಾಣು ಆಮೇಲೆ!

ನಾಯಿಕೆಮ್ಮಿಗೂ ಇದೇ ಮೊದಲ ಆಯ್ಕೆ. ಇಲ್ಲೊಂದು ವಿಚಿತ್ರ ಇದೆ. ಕೆಮ್ಮು ಜೋರಾಗುವ ಹೊತ್ತಿಗೆ ಬ್ಯಾಕ್ಟೀರಿಯಾ ತನ್ನ ಹಾನಿ ಮಾಡಿ ಮುಗಿಸಿರುತ್ತದೆ. ಆಗ ಮಾತ್ರೆ ಕೊಟ್ಟರೆ ಕೆಮ್ಮು ಅಷ್ಟೇನೂ ಕಡಿಮೆ ಆಗುವುದಿಲ್ಲ, ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಟೈಫಾಯ್ಡ್, ಕಾಲರಾ, ಟ್ರಕೋಮಾ ಎಂಬ ಕಣ್ಣಿನ ಸೋಂಕು, ಹೊಟ್ಟೆ ಹುಣ್ಣಿನ ಹೆಲಿಕೋಬ್ಯಾಕ್ಟರ್ ಇವಕ್ಕೆಲ್ಲ ಈ ಕುಟುಂಬದ ಒಬ್ಬರಲ್ಲ ಒಬ್ಬರು ಹೋಗುತ್ತಾರೆ. ಇ. ಕೋಲಿ ತರದ ಹಲವು ಬ್ಯಾಕ್ಟೀರಿಯಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಈ ದಪ್ಪ ಅಣು ಒಳಗೆ ನುಗ್ಗಲು ಒದ್ದಾಡುತ್ತದೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಇದನ್ನು ಕೊಡದಿರುವುದಕ್ಕೆ ಅದೂ ಒಂದು ಕಾರಣ.

ನೆಗಡಿ, ಫ್ಲೂ, ಮಾಮೂಲಿ ಗಂಟಲು ಕೆರೆತಕ್ಕೆ ಇದು ಏನೂ ಮಾಡುವುದಿಲ್ಲ. ವೈರಸ್‌ಗೆ ತನ್ನದೇ ರೈಬೋಸೋಮ್ ಇಲ್ಲ, ನಮ್ಮದನ್ನೇ ಬಳಸಿಕೊಳ್ಳುತ್ತದೆ. ಉಂಗುರ ಹೋಗಿ ಕೂರುವುದಾದರೂ ಎಲ್ಲಿ? ಕೋವಿಡ್ ಶುರುವಾದಾಗ ಲೋಕವೆಲ್ಲ ಅಜಿಥ್ರೋಮೈಸಿನ್ ನುಂಗಿತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಸಾವಿರಾರು ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದರು. ಸಾವು ಕಡಿಮೆ ಆಗಲಿಲ್ಲ. "ನನಗೆ ತಗೊಂಡ ಮೂರನೇ ದಿನ ವಾಸಿಯಾಯ್ತು" ಅನ್ನುವವರಿಗೆ ನಾನು ಜಗಳ ಆಡುವುದಿಲ್ಲ. ನೆಗಡಿಯೂ ಅಷ್ಟೇ ದಿನಕ್ಕೆ ತಾನಾಗಿ ಇಳಿಯುತ್ತದೆ.

ಅಡ್ಡಪರಿಣಾಮಗಳ ಪೈಕಿ ಹೊಟ್ಟೆಯದ್ದು ಸ್ವಾರಸ್ಯಕರ. ನಮ್ಮ ಕರುಳು ಮೋಟಿಲಿನ್ ಅನ್ನುವ ಹಾರ್ಮೋನು ಸುರಿಸುತ್ತದೆ, ಅದು ಹೊಟ್ಟೆಯನ್ನು ಹಿಂಡಿ ಖಾಲಿ ಮಾಡಿಸುತ್ತದೆ. ಎರಿಥ್ರೋಮೈಸಿನ್ ಆ ಹಾರ್ಮೋನಿನ ವೇಷ ಹಾಕಿ ಅದೇ ಗುಂಡಿ ಒತ್ತುತ್ತದೆ. ಅದಕ್ಕೇ ವಾಕರಿಕೆ, ನುಲಿತ. ವೈದ್ಯರು ಈ ತೊಂದರೆಯನ್ನೇ ಉಪಯೋಗಕ್ಕೂ ತಂದಿದ್ದಾರೆ. ಹೊಟ್ಟೆಯಲ್ಲಿ ರಕ್ತಸ್ರಾವ ಆದವರಿಗೆ ಎಂಡೋಸ್ಕೋಪಿಗೆ ಮುಂಚೆ ಇದನ್ನು ಕೊಟ್ಟರೆ ಹೊಟ್ಟೆ ತೊಳೆದ ಹಾಗೆ ಖಾಲಿಯಾಗುತ್ತದೆ, ಒಳಗೆ ಚೆನ್ನಾಗಿ ಕಾಣುತ್ತದೆ.

ಹೃದಯದ ವಿಷಯ ಮಾತ್ರ ತಮಾಷೆಯದ್ದಲ್ಲ. ಈ ಔಷಧಿಗಳು ಹೃದಯದ ವಿದ್ಯುತ್ ಲಯವನ್ನು ಸ್ವಲ್ಪ ಎಳೆಯುತ್ತವೆ, ಇಸಿಜಿಯಲ್ಲಿ ಕ್ಯೂಟಿ ಅವಧಿ ಉದ್ದವಾಗುತ್ತದೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ. ಮೊದಲೇ ಲಯದ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಕಡಿಮೆ ಇರುವವರಿಗೆ ಅಪಾಯ. ಅಜಿಥ್ರೋಮೈಸಿನ್ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಈ ಎಚ್ಚರಿಕೆ ಕೊಟ್ಟಿತು. ಇನ್ನು ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಎರಡೂ ಲಿವರಿನಲ್ಲಿ ಬೇರೆ ಔಷಧಿಗಳನ್ನು ಒಡೆಯುವ ಸಿವೈಪಿ 3ಎ4 ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಜತೆಗೆ ನುಂಗುತ್ತಿರುವ ಮಾತ್ರೆ ಮೈಯಲ್ಲಿ ಏರುತ್ತಲೇ ಹೋಗುತ್ತದೆ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ನುಂಗುವವರಿಗೆ ಸ್ನಾಯು ಕರಗಬಹುದು. ಗೌಟ್‌ಗೆ ಕೊಡುವ ಕೋಲ್ಚಿಸಿನ್ ಜತೆ ಕ್ಲಾರಿಥ್ರೋಮೈಸಿನ್ ಸೇರಿ ಸಾವುಗಳೂ ಆಗಿವೆ. ಅಜಿಥ್ರೋಮೈಸಿನ್ ಈ ಕಿಣ್ವದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೂ ವೈದ್ಯರ ಹತ್ತಿರ ಹೋಗುವಾಗ ನೀವು ನುಂಗುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಜೇಬಲ್ಲಿರಲಿ.

ಈಗ ನನ್ನ ಪ್ಲೇಟಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಬರುತ್ತೇನೆ. ಲ್ಯಾಬ್ ಸೇರಿದ ಹೊಸತು. ಕೀವಿನಿಂದ ಬೆಳೆಸಿದ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾಗೆ ಎರಿಥ್ರೋಮೈಸಿನ್ ನಾಟುತ್ತಿರಲಿಲ್ಲ, ಕ್ಲಿಂಡಮೈಸಿನ್ ನಾಟುತ್ತಿತ್ತು. ಕ್ಲಿಂಡಮೈಸಿನ್ ಮ್ಯಾಕ್ರೋಲೈಡ್ ಅಲ್ಲ, ಆದರೆ ರೈಬೋಸೋಮಿನಲ್ಲಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಕೂರುತ್ತದೆ. "ಕ್ಲಿಂಡಮೈಸಿನ್ ಕೊಡಬಹುದು" ಅಂತ ರಿಪೋರ್ಟ್ ಬರೆದು ಸಹಿಗೆ ಇಟ್ಟೆ. ಹಿರಿಯರೊಬ್ಬರು ಓದಿ ವಾಪಸ್ ತಳ್ಳಿದರು. "ಎರಡು ಡಿಸ್ಕನ್ನೂ ಹತ್ತಿರ ಇಟ್ಟು ನೋಡಿದ್ಯೇನಯ್ಯಾ?" ನೋಡಿರಲಿಲ್ಲ. ಡಿಸ್ಕ್ ಅಂದರೆ ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ.

ಮತ್ತೆ ಪ್ಲೇಟ್ ಹಾಕಿದೆ. ಬ್ಯಾಕ್ಟೀರಿಯಾವನ್ನು ಇಡೀ ಪ್ಲೇಟಿಗೆ ಹತ್ತಿಯ ಕಡ್ಡಿಯಿಂದ ಸವರಿದೆ. ಒಂದು ಎರಿಥ್ರೋಮೈಸಿನ್ ಡಿಸ್ಕ್, ಅದರಿಂದ ಎರಡು ಸೆಂಟಿಮೀಟರ್ ದೂರಕ್ಕೆ ಒಂದು ಕ್ಲಿಂಡಮೈಸಿನ್ ಡಿಸ್ಕ್ ಇಟ್ಟು ರಾತ್ರಿಯಿಡೀ 35 ಡಿಗ್ರಿಯಲ್ಲಿ ಬಿಟ್ಟೆ. ಬೆಳಿಗ್ಗೆ ತೆಗೆದರೆ ಕ್ಲಿಂಡಮೈಸಿನ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಯಲು ಇತ್ತು. ಆದರೆ ಅದು ದುಂಡಗಿರಲಿಲ್ಲ. ಎರಿಥ್ರೋಮೈಸಿನ್ ಕಡೆಯ ಅಂಚು ಗೆರೆ ಎಳೆದ ಹಾಗೆ ಚಪ್ಪಟೆ. ಥೇಟ್ ಇಂಗ್ಲಿಷಿನ ಡಿ ಅಕ್ಷರ. ಈ ಪರೀಕ್ಷೆಗೆ ಡಿ ಟೆಸ್ಟ್ ಅಂತಲೇ ಹೆಸರು. ಎರಿಥ್ರೋಮೈಸಿನ್‌ನ ವಾಸನೆ ಬಡಿದ ಕಡೆಯ ಬ್ಯಾಕ್ಟೀರಿಯಾಗಳು ಎಚ್ಚೆತ್ತು ಕ್ಲಿಂಡಮೈಸಿನ್‌ಗೂ ಬಗ್ಗದಂತಾಗಿದ್ದವು. ನನ್ನ ರಿಪೋರ್ಟ್ ಹಾಗೇ ಹೋಗಿದ್ದರೆ ರೋಗಿಗೆ ನಾಟದ ಔಷಧಿ ಕೊಟ್ಟಂತಾಗುತ್ತಿತ್ತು.

ಎಚ್ಚೆತ್ತದ್ದು ಹೇಗೆ? ಅರ್ಮ್ ಅನ್ನುವ ಜೀನ್ ಇದೆ. ಅದು ತಯಾರಿಸುವ ಕಿಣ್ವ ಆ 2058ನೇ ಅಡೆನಿನ್‌ಗೆ ಮೀಥೈಲ್ ಅಂಟಿಸುತ್ತದೆ. ಕೊಕ್ಕೆ ಸಿಕ್ಕಿಸುವ ಗೂಟಕ್ಕೇ ಬಟ್ಟೆ ಸುತ್ತಿದ ಹಾಗೆ. ಇದನ್ನು ಸದಾ ಮಾಡುತ್ತಿದ್ದರೆ ರೈಬೋಸೋಮಿನ ಕೆಲಸ ಕೆಡುತ್ತದೆ, ಆದ್ದರಿಂದ ಬೇಕಾದಾಗ ಮಾತ್ರ ಮಾಡಬೇಕು. ಬೇಕಾದದ್ದು ಯಾವಾಗ ಅಂತ ತಿಳಿಯುವ ಉಪಾಯ ನೋಡಿ. ಆ ಜೀನಿನ ಮುಂದೆ 19 ಮಣಿಯ ಒಂದು ಪುಟ್ಟ ಸರದ ಆದೇಶ ಇರುತ್ತದೆ. ಮಾಮೂಲಿ ಕಾಲದಲ್ಲಿ ಆ ಸರ ಪೋಣಿಸಿ ಮುಗಿಯುತ್ತದೆ, ಹಿಂದಿರುವ ಕಿಣ್ವದ ಆದೇಶ ಮಡಿಚಿಕೊಂಡೇ ಇರುತ್ತದೆ. ಸುರಂಗದಲ್ಲಿ ಎರಿಥ್ರೋಮೈಸಿನ್ ಕೂತಿದ್ದರೆ ಒಂಬತ್ತನೇ ಮಣಿಗೆ ರೈಬೋಸೋಮ್ ಸಿಕ್ಕಿಕೊಂಡು ನಿಲ್ಲುತ್ತದೆ. ಹಾಗೆ ನಿಂತಾಗ ಮಡಿಕೆ ಬಿಚ್ಚುತ್ತದೆ, ಕಿಣ್ವ ತಯಾರಾಗುತ್ತದೆ. ಕಾವಲುಗಾರ ಯಾವ ಸರವನ್ನು ಬಿಡುತ್ತಾನೆ, ಯಾವುದನ್ನು ತಡೆಯುತ್ತಾನೆ ಅಂತ ಆಗ ಹೇಳಿದೆನಲ್ಲ, ಅದನ್ನೇ ಬ್ಯಾಕ್ಟೀರಿಯಾ ಕರೆಗಂಟೆ ಮಾಡಿಕೊಂಡಿದೆ. ಇಷ್ಟು ವರ್ಷ ಕೆಲಸ ಮಾಡಿದರೂ ಇದನ್ನು ವಿವರಿಸುವಾಗಲೆಲ್ಲ ನನಗೆ ಶತ್ರುವಿನ ಮೇಲೆ ಗೌರವ ಬರುತ್ತದೆ.

ಈ ವಿದ್ಯೆ ಹೊಸದೂ ಅಲ್ಲ. ಎರಿಥ್ರೋಮೈಸಿನ್ ತಯಾರಿಸುವ ಆ ಮಣ್ಣಿನ ಬ್ಯಾಕ್ಟೀರಿಯಾ ತನ್ನ ವಿಷಕ್ಕೆ ತಾನೇ ಸಾಯದಿರುವುದು ಅದರ ಬಳಿಯೂ ಇಂಥದ್ದೇ ಜೀನ್ ಇರುವುದರಿಂದ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಒಳಗೆ ಬಂದ ಔಷಧಿಯನ್ನು ಪಂಪ್ ಹಾಕಿ ಹೊರಗೆ ದಬ್ಬುತ್ತವೆ. ಮತ್ತೆ ಕೆಲವು ಉಂಗುರವನ್ನೇ ಮುರಿಯುತ್ತವೆ.

ಬೀಡು ಬಿಡುವ ಗುಣದ ಮಾತು ಇಲ್ಲಿ ಮತ್ತೆ ಬರುತ್ತದೆ. ಔಷಧಿ ದಿನಗಟ್ಟಲೆ ಕಡಿಮೆ ಪ್ರಮಾಣದಲ್ಲಿ ಉಳಿದರೆ, ರೋಗಕ್ಕೆ ಸಂಬಂಧವೇ ಇಲ್ಲದ ಗಂಟಲಿನ, ಕರುಳಿನ ಬ್ಯಾಕ್ಟೀರಿಯಾಗಳೆಲ್ಲ ಅದನ್ನು ಎದುರಿಸಲು ಕಲಿಯುತ್ತವೆ. 2007ರಲ್ಲಿ ಬೆಲ್ಜಿಯಂನ ಸಂಶೋಧಕರು 224 ಆರೋಗ್ಯವಂತರಿಗೆ ಅಜಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್ ಅಥವಾ ಸುಳ್ಳು ಮಾತ್ರೆ ಕೊಟ್ಟ ಪ್ರಯೋಗವನ್ನು ಪ್ರಕಟಿಸಿದರು. ನಿಜವಾದ ಮಾತ್ರೆ ನುಂಗಿದವರ ಬಾಯಿಯ ಸ್ಟ್ರೆಪ್ಟೋಕಾಕಸ್‌ಗಳಲ್ಲಿ ಬಗ್ಗದವುಗಳ ಪಾಲು ಸುಮಾರು ಒಂದು ವಾರದಲ್ಲಿ ಶೇಕಡಾ 50ರಷ್ಟು ಮೇಲೇರಿತು. ಆರು ತಿಂಗಳ ನಂತರವೂ ಪೂರ್ತಿ ಇಳಿದಿರಲಿಲ್ಲ. ಇದಕ್ಕೆ ಎದುರು ದಿಕ್ಕಿನ ಉದಾಹರಣೆ ಫಿನ್‌ಲೆಂಡ್. ಗಂಟಲು ನೋವಿನ ಸ್ಟ್ರೆಪ್ಟೋಕಾಕಸ್‌ನಲ್ಲಿ ಎರಿಥ್ರೋಮೈಸಿನ್‌ಗೆ ಬಗ್ಗದವು ಏರಿದ್ದು ನೋಡಿ, 1990ರ ದಶಕದ ಮೊದಲಿಗೆ ಅಲ್ಲಿ ಮ್ಯಾಕ್ರೋಲೈಡ್ ಬಳಕೆಗೆ ಕಡಿವಾಣ ಹಾಕಿದರು. 1992ರಲ್ಲಿ ಶೇಕಡಾ 16.5 ಇದ್ದದ್ದು 1996ಕ್ಕೆ 8.6ಕ್ಕೆ ಇಳಿಯಿತು.

ಹಾಗಂತ ಬಳಸದೇ ಇರುವುದೂ ಸುಲಭದ ಉತ್ತರವಲ್ಲ. ನೈಜರ್, ಮಲಾವಿ, ತಾಂಜಾನಿಯಾ ದೇಶಗಳಲ್ಲಿ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಒಂದೊಂದು ಡೋಸ್ ಅಜಿಥ್ರೋಮೈಸಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮಕ್ಕಳ ಸಾವು ಶೇಕಡಾ 13.5 ಕಡಿಮೆಯಾಗಿತ್ತು. ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುವುದೂ ಆಮೇಲೆ ಕಂಡುಬಂತು. ಯಾವುದನ್ನು ಆರಿಸುತ್ತೀರಿ? ಮಕ್ಕಳ ಸಾವು ಜಾಸ್ತಿ ಇರುವ ಕಡೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ನೆಗಡಿಗೆ ನುಂಗುವವರ ಮೇಲೆ ನನಗೆ ಸಿಟ್ಟು ಬರುವುದು ಈ ಲೆಕ್ಕ ನೆನಪಾದಾಗ.

ಕೊನೆಯಲ್ಲಿ ಪ್ರಶ್ನೆಗಳಿದ್ದವು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಒಂದು ಅಕ್ಷರ ಬೇರೆ ಇದ್ದದ್ದಕ್ಕೆ ನಾವು ಬಚಾವು ಅಂದ್ರಿ. ಹಾಗಾದ್ರೆ ಬ್ಯಾಕ್ಟೀರಿಯಾನೂ ಆ ಅಕ್ಷರ ಬದಲಾಯಿಸಿಕೊಂಡ್ರೆ ಆಯ್ತಲ್ಲ? ಅಷ್ಟೆಲ್ಲಾ ಕರೆಗಂಟೆ, ಪಂಪು ಯಾಕೆ?"

ಅವತ್ತಿನ ಒಳ್ಳೆಯ ಪ್ರಶ್ನೆ ಅದು. ರೈಬೋಸೋಮಿನ ಆ ಆರ್‌ಎನ್‌ಎ ಬರೆಯುವ ಜೀನ್ ಇ. ಕೋಲಿಯಲ್ಲಿ ಏಳು ಪ್ರತಿ ಇದೆ. ಸ್ಟ್ಯಾಫಿಲೋಕಾಕಸ್‌ನಲ್ಲಿ ಐದಾರು. ಒಂದು ಪ್ರತಿಯಲ್ಲಿ ಅಕ್ಷರ ಬದಲಾದರೆ ಆ ಒಂದು ಪಾಲಿನ ರೈಬೋಸೋಮ್ ಮಾತ್ರ ಬದಲಾಗುತ್ತದೆ, ಮಿಕ್ಕವು ಔಷಧಿಗೆ ಸಿಕ್ಕಿಬೀಳುತ್ತವೆ. ಅಷ್ಟು ಬದಲಾವಣೆಯಿಂದ ದೊಡ್ಡ ಲಾಭ ಇಲ್ಲ. ಆದರೆ ಹೆಲಿಕೋಬ್ಯಾಕ್ಟರ್‌ನಲ್ಲಿ ಎರಡೇ ಪ್ರತಿ. ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾದಲ್ಲಿ ಒಂದೇ ಒಂದು. ಕ್ಷಯದ ದಾಯಾದಿ ಮೈಕೋಬ್ಯಾಕ್ಟೀರಿಯಂ ಏವಿಯಂನಲ್ಲೂ ಒಂದೇ. ಇವು ನಿಜಕ್ಕೂ ಆ ಹುಡುಗಿ ಹೇಳಿದ್ದನ್ನೇ ಮಾಡುತ್ತವೆ. ಒಂದಕ್ಷರ ತಿದ್ದಿದರೆ ಮುಗಿಯಿತು. ಅದಕ್ಕೇ ಏವಿಯಂ ಸೋಂಕಿಗೆ ಕ್ಲಾರಿಥ್ರೋಮೈಸಿನ್ ಆಗಲಿ ಅಜಿಥ್ರೋಮೈಸಿನ್ ಆಗಲಿ ಒಂಟಿಯಾಗಿ ಕೊಡುವುದಿಲ್ಲ. ಎಥಾಂಬ್ಯುಟಾಲ್, ರಿಫಾಂಪಿಸಿನ್ ಎಂಬ ಬೇರೆ ಔಷಧಿಗಳ ಜತೆಗೆ ಕೊಡುತ್ತಾರೆ, ಕಫದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಕಾಣದಂತಾದ ಮೇಲೂ ಇನ್ನೊಂದು ವರ್ಷ.